ಐದನೆಯ ಸಾಲು

ಕೆಳಮನೆ ಅಜ್ಜಿಯ ಗಂಟಲ ಕೆಳಗೆ ಅಡ್ಡಕ್ಕೆ ಒಂದು ಹಳೆಯ ಹೊಲಿಗೆಯ ಗುರುತಿತ್ತು. ಅನುಮಾನ ಬಂದಾಗಲೆಲ್ಲ ಅವರ ಹೆಬ್ಬೆರಳು ಅಲ್ಲಿಗೆ ಹೋಗುತ್ತಿತ್ತು. ಅಂದರೆ ಹೆಚ್ಚುಕಡಿಮೆ ದಿನವಿಡೀ ಅಲ್ಲೇ ಇರುತ್ತಿತ್ತು.

ಅಮೆರಿಕದ ಕೆಂಟ್‌ನ ಅಪಾರ್ಟ್‌ಮೆಂಟಿನಲ್ಲಿ ನಾವು ಮೇಲೆ, ಅವರು ಮೊಮ್ಮಗಳ ಜೊತೆ ಕೆಳಗೆ. ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳವರು. ಕೋಸಂಬರಿ ಕೊಟ್ಟರೆ ಮೂಸಿ, "ಮೊದಲು ನೀನು ತಿನ್ನು" ಎನ್ನುವರು. ನಲ್ಲಿ ನೀರನ್ನು ಬೆಳಕಿಗೆ ಹಿಡಿದು ನೋಡಿಯೇ ಕುಡಿಯುವರು. ಮೀಟರ್ ನೋಡಲು ಬಂದವನ ಬೂಟಿನ ಫೋಟೊ ತೆಗೆಯುವರು.

"ಅವರ ಸಹವಾಸ ಬೇಡ ಕಣೇ, ನಾಳೆ ನಿನ್ನ ಮೇಲೇ ಕಂಪ್ಲೇಂಟ್ ಮಾಡ್ತಾರೆ" ಎಂದರು ನಮ್ಮ ಯಜಮಾನರು. ನನಗೂ ಒಳಗೊಳಗೇ ಹಾಗನ್ನಿಸುತ್ತಿತ್ತು.

ಕಾರಣ ತಿಳಿದದ್ದು ನರಕ ಚತುರ್ದಶಿಯ ಬೆಳಿಗ್ಗೆ. ಅವರಿಗೆ ಭುಜ ನೋವು, ಕೈ ಎತ್ತಲಾಗುತ್ತಿರಲಿಲ್ಲ. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿಕೊಂಡು ಹೋಗಿ, ನಮ್ಮಿಬ್ಬರ ಹರಕು ಇಂಗ್ಲಿಷಿನಲ್ಲಿ, "ತಲೆಗೆ ಹಚ್ಚಿ ಸ್ನಾನ ಮಾಡಿಸ್ತೀನಿ ಅಜ್ಜಿ" ಎಂದೆ. ಮಣಿಕಟ್ಟು ಹಿಡಿದುಬಿಟ್ಟರು.

"ಸ್ನಾನ ಮಾಡಿಸೋಕೆ ಯಾರು ಕಳಿಸಿದ್ರು ನಿನ್ನ?"

ಆಮೇಲೆ ಹೇಳಿದರು. ಅವರು ಸಣ್ಣ ಹುಡುಗಿಯಾಗಿದ್ದಾಗ ಅಮೆರಿಕದವರು ದೂರದಲ್ಲಿ ಅಣುಬಾಂಬ್ ಪರೀಕ್ಷೆ ಮಾಡಿದರಂತೆ. ಮುಗಿಲಿಂದ ಬಿಳಿ ಪುಡಿ ಉದುರಿತಂತೆ. ಎರಡು ದಿನ ಬಿಟ್ಟು ಹಡಗು ಬಂತು: ಏನೂ ತಗೋಬೇಡಿ, ಹತ್ತಿ. ಹಡಗಿನ ಮೇಲೆ ಎಲ್ಲರಿಗೂ ಪೈಪಿನ ನೀರು, ಸೋಪು. ಅಮ್ಮ ದಿನದ ಹಾಗೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ್ದಳು. ಪುಡಿ ಅದಕ್ಕೆ ಅಂಟಿಕೊಂಡಿತ್ತು. ಎಷ್ಟು ತೊಳೆದರೂ ತಲೆಯ ಹತ್ತಿರ ಹಿಡಿದ ವಿಷ ಅಳೆಯುವ ಮಿಷನ್ನು ಟಿಕ್ ಟಿಕ್ ಅನ್ನುತ್ತಲೇ ಇತ್ತು.

"ಎರಡು ವಾರಕ್ಕೆ ಕೂದಲು ಕೈಗೇ ಬಂತು. ಅಮ್ಮ ಸಾಯೋವರೆಗೂ ಎಣ್ಣೆದೇ ತಪ್ಪು ಅಂತಿದ್ದಳು. ಬಾಂಬಿನ ತಪ್ಪು ಅಂತ ಅವಳಿಗೆ ಯಾರೂ ಹೇಳಲೇ ಇಲ್ಲ."

ಆಮೇಲೆ ವರ್ಷ ವರ್ಷವೂ ಡಾಕ್ಟರುಗಳು ಬಂದು ಅಳೆದು, ಒಮ್ಮೆ ಗಂಟಲನ್ನೂ ಕೊಯ್ದು ಹೊಲಿದು, ಬರೆದುಕೊಂಡು ಹೋದರಂತೆ. ಏನು ಬರೆದರೆಂದು ಒಬ್ಬರೂ ತೋರಿಸಲಿಲ್ಲ.

ಆ ಹಬ್ಬದ ಮರುವರ್ಷ ಅಜ್ಜಿಯ ಗಂಟಲಿನ ಗುರುತಿನ ಪಕ್ಕ ಗಂಟೊಂದು ಎದ್ದಿತು. ಮೊಮ್ಮಗಳು ಅತ್ತು ಕರೆದರೂ ಆಸ್ಪತ್ರೆಗೆ ಹೊರಡಲಿಲ್ಲ. ನನಗೆ ದಿನದ ಸಣ್ಣಪುಟ್ಟದ್ದನ್ನು ಕನ್ನಡದಲ್ಲಿ ಬರೆದಿಡುವ ಚಾಳಿ. ಒಂದು ದಿನ ನನ್ನ ಪುಸ್ತಕ ಕಸಿದು ನೋಡಿದರು.

"ಆಸ್ಪತ್ರೆಯವರಿಗೆ ಇದು ಓದೋಕೆ ಬರುತ್ತಾ?"

"ನನ್ನ ಮಗಳಿಗೇ ಬರಲ್ಲ ಅಜ್ಜಿ."

"ಹಾಗಾದ್ರೆ ಬರ್ತೀನಿ. ಅವರು ಏನಂತಾರೋ ನೀನೂ ಬರಿ."

ಡಾಕ್ಟರು ಹೇಳಿದ ಒಂದೊಂದು ಮಾತಿಗೂ ಒಂದೊಂದು ಸಾಲು. ವಾಪಸು ಬರುವ ಮೊದಲು ಕಾರಿನಲ್ಲಿ ಕೂತು ಅಷ್ಟನ್ನೂ ಓದಿ ಹೇಳಬೇಕು. ಮೂರನೆಯ ಸಲ ಸ್ಕ್ಯಾನಿಗೆಂದು ಅಜ್ಜಿ ಕಿವಿ ಕೇಳುವ ಮಿಷನ್ ತೆಗೆದಿಟ್ಟಿದ್ದರು. ಗಂಟು ಶ್ವಾಸಕೋಶಕ್ಕೂ ಹಬ್ಬಿದೆ, ಇನ್ನು ಆಪರೇಷನ್ನಿನಿಂದ ಪ್ರಯೋಜನವಿಲ್ಲ ಎಂದರು ಡಾಕ್ಟರು. ಕೇಳಿಸದಿದ್ದರೂ ಅಜ್ಜಿ ಸುಮ್ಮನೆ ತಲೆಯಾಡಿಸಿದರು. ಅದನ್ನು ಬರೆದುಕೊಂಡೆ. ಆದರೆ ಹಿರಿಯರಿಗೆ ಅಂಥದ್ದನ್ನು ಮುಖಕ್ಕೆ ಹೇಳುವ ರೂಢಿ ನಮ್ಮಲ್ಲಿಲ್ಲವಲ್ಲ, ಓದಲಿಲ್ಲ.

ಅಜ್ಜಿ ಉಗುರಿನಿಂದ ಎಣಿಸಿದರು. "ಐದು ಸಾಲಿದೆ. ನೀನು ಓದಿದ್ದು ನಾಲ್ಕು."

"ಅದು ಡೇಟು, ಅಜ್ಜಿ."

"ಡೇಟು ಮೇಲಿದೆ."

"ನಿಮಗೆ ನೋವಾಗುತ್ತೆ ಅಂತ..."

"ದ್ವೀಪಕ್ಕೆ ಬರ್ತಿದ್ದ ಡಾಕ್ಟರುಗಳೂ ಹಾಗೇ ಅಂತಿದ್ರು."

ಓದಿದೆ. ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಆಮೇಲೆ, "ಆರನೇದು ಬರಿ. ಇವತ್ತು ಒಂದು ಸಾಲು ಮುಚ್ಚಿಟ್ಟೆ ಅಂತ. ಸೈನ್ ಮಾಡು" ಎಂದರು. ಮಾಡಿದೆ. ಇನ್ನು ನನ್ನನ್ನು ಕರೆಯುವುದಿಲ್ಲ ಅಂದುಕೊಂಡೆ. ಕಾರಿಳಿಯುವಾಗ, "ಮಂಗಳವಾರ ಒಂಬತ್ತಕ್ಕೆ. ಲೇಟ್ ಮಾಡಬೇಡ" ಎಂದರು.

ಆ ವಾರವೇ ದ್ವೀಪದಲ್ಲಿದ್ದ ತಂಗಿಗೆ ಫೋನು ಮಾಡಿ ಕರೆಸಿಕೊಂಡರು. ಅಕ್ಕತಂಗಿಯರಿಗೆ ಏಳು ವಾರ ಸಿಕ್ಕಿತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅದೂ ಇರುತ್ತಿರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಪುಸ್ತಕದಲ್ಲಿದ್ದದ್ದನ್ನು ಓದಿ ಹೇಳೆಂದು ಮೊಮ್ಮಗಳು ಕೇಳಿದಳು. ಮನೆ ತುಂಬ ಅವರ ಜನ. ಆ ಸ್ಕ್ಯಾನಿನ ದಿನದ ಆರನೆಯ ಸಾಲಿಗೆ ಬಂದು ತಡವರಿಸಿದೆ. ಅಜ್ಜಿಯ ತಂಗಿ ನನ್ನ ಮುಖವನ್ನಲ್ಲ, ಪುಟವನ್ನೇ ನೋಡುತ್ತಿದ್ದರು.

"ಇನ್ನೂ ಇದೆ" ಎಂದರು.

ಓದಿದೆ. ಕೆಳಗಿದ್ದ ನನ್ನ ಹೆಸರನ್ನೂ ಓದಿದೆ.