ಎರಡು ಸಲ ಹೇಳುವ ತಂತಿಮಾವ
ಬೀದಿಯವರೆಲ್ಲ ತಂತಿಮಾವ ಎಂದು ಕರೆಯುವ ಈ ಹವ್ಯಾಸಿ ರೇಡಿಯೊದವರ ಕಣ್ಣಿಗೆ ಬಿದ್ದರೆ ಮುಗಿಯಿತು, ಕೊಡೆಯ ಕಡ್ಡಿಯಾಗಲಿ ಬಟ್ಟೆ ಒಣಹಾಕುವ ತಂತಿಯಾಗಲಿ ಆಂಟೆನಾ ಆಗಲೇಬೇಕು. "ಒದ್ದೆ ಬಟ್ಟೆ ನಿಮ್ಮ ತಲೆ ಮೇಲೆ ಹರವ್ಲಾ?" ಎಂದು ಹೆಂಡತಿ ರೇಗಿದರೆ, "ಹರವು. ಮತ್ತೆ ಹೇಳ್ತೀನಿ, ಹರವು" ಎನ್ನುತ್ತಾರೆ. ದೂರದ ಊರಿನವರೊಡನೆ ಮಾತಾಡುವಾಗ ರೇಡಿಯೊದ ಗೊರಗೊರ ಸದ್ದಿನಲ್ಲಿ ಮಾತು ತಪ್ಪಬಾರದೆಂದು ಎಲ್ಲವನ್ನೂ ಎರಡು ಸಲ ಹೇಳಿ ಹೇಳಿ, ಈಗ ಊಟಕ್ಕೆ ಕೂತರೆ ಉಪ್ಪನ್ನೂ ಎರಡು ಸಲ ಕೇಳುತ್ತಾರೆ. ನೆರೆ ಬಂದು ಫೋನುಗಳೆಲ್ಲ ಕೈಕೊಟ್ಟ ವಾರ, ಆ ಬಟ್ಟೆ ತಂತಿಯನ್ನೇ ನಂಬಿ, ಮುಳುಗಿ ಸತ್ತವರ ಪಟ್ಟಿಯನ್ನು ಪಕ್ಕದ ಊರಿಗೆ ಓದಿ ಹೇಳಿದ್ದರು, ಒಂದೊಂದು ಹೆಸರೂ ಎರಡೆರಡು ಸಲ. ಒಡಹುಟ್ಟಿದ ತಮ್ಮನ ಹೆಸರನ್ನು ಮಾತ್ರ ಒಂದೇ ಸಲ ಓದಿ ಮುಂದಿನದಕ್ಕೆ ಹೋಗಿಬಿಟ್ಟರು. ಆ ಕಡೆಯ ದನಿ ತಡೆಯಿತು: "ಕೇಳಿಸ್ಲಿಲ್ಲ, ಒಂದೊಂದೇ ಅಕ್ಷರ ಬಿಡಿಸಿ ಹೇಳಿ." ಬಿಡಿಸಿ ಹೇಳಿದರು, ಎರಡು ಸಲ.