ಮೊಮ್ಮಗಳ ಏಕಾದಶಿ ಮತ್ತು ಜಪಾನಿನ ಕುಸ್ತಿ ವಿಜೇತೆ

ಸಭಾಂಗಣದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಎಂಥ ಮಾತಿಗೆ ತಟ್ಟುತ್ತಿದ್ದೇನೆಂಬುದು ಅರಿವಾದಾಗ ಕೈಗಳು ಅರ್ಧದಲ್ಲೇ ನಿಂತವು.

ಇಂದು ಮಧ್ಯಾಹ್ನ ಲಂಡನ್ನಿನ ಪಾರ್ಕ್ ರಾಯಲ್‌ನ ಕುಸ್ತಿ ಕ್ಲಬ್ಬಿಗೆ ಜಪಾನಿನ ವಿಶ್ವವಿಜೇತೆಯೊಬ್ಬರು ಬಂದಿದ್ದರು. ಫ್ರೀಸ್ಟೈಲ್ ಕುಸ್ತಿಯಲ್ಲಿ ವರ್ಷಗಟ್ಟಲೆ ಸೋಲನ್ನೇ ಕಾಣದವರು. ಅವರ ದೇಶದಲ್ಲಿ ಹಾಲಿನ ಡಬ್ಬಿಯ ಮೇಲೂ ಅವರ ಮುಖವಿರುತ್ತದೆಯಂತೆ.

ಹದಿನೈದು ವರ್ಷದ ನನ್ನ ಮೊಮ್ಮಗಳು ಮೇಧಾಳ ಕೋಣೆಯ ಗೋಡೆಯ ಮೇಲೆಲ್ಲ ಅವರದೇ ಚಿತ್ರಗಳು. ಯಾವ ಪಂದ್ಯದಲ್ಲಿ ಯಾರ ಕಾಲನ್ನು ಹೇಗೆ ಹಿಡಿದು ಕೆಡವಿದರೆಂಬುದು ಅವಳಿಗೆ ಬಾಯಿಪಾಠ. ಅವಳೂ ಇದೇ ಕ್ಲಬ್ಬಿನಲ್ಲಿ ಕುಸ್ತಿ ಕಲಿಯುತ್ತಾಳೆ; ಈ ಭಾನುವಾರ ಅವಳದೊಂದು ಪಂದ್ಯವಿದೆ.

ಅವರು ಹೇಳಿದ್ದನ್ನು ದುಭಾಷಿ ಇಂಗ್ಲಿಷಿಗೆ ತಿರುಗಿಸುತ್ತಿದ್ದರು. ಮೊದಲ ಪದಕದ ಪಂದ್ಯಕ್ಕೆ ಮುನ್ನ ಅವರ ತೂಕ ಆ ವಿಭಾಗದ ಮಿತಿಗಿಂತ ಹೆಚ್ಚಾಗಿತ್ತಂತೆ. ಎರಡು ದಿನ ನೀರು ಬಿಟ್ಟು, ದಪ್ಪ ಕೋಟು ತೊಟ್ಟು ಬಿಸಿ ಕೋಣೆಯಲ್ಲಿ ಓಡಿ, ಎಂಜಲನ್ನೂ ಬಾಟಲಿಗೆ ಉಗಿದು ತೂಕದ ಯಂತ್ರದ ಮೇಲೆ ನಿಂತರಂತೆ. ಮರುದಿನ ಚಿನ್ನ.

ಚಪ್ಪಾಳೆ ಬಿದ್ದದ್ದು ಅದಕ್ಕೆ.

ಪಕ್ಕದಲ್ಲಿದ್ದ ಮೇಧಾಳನ್ನು ನೋಡಿದೆ. ತುಟಿ ಒಣಗಿ ಬಿರಿದಿತ್ತು... ಕಣ್ಣು ಮಾತ್ರ ಹೊಳೆಯುತ್ತಿತ್ತು.

ಇಂದು ಏಕಾದಶಿ. ಕಳೆದ ಮೂರು ಏಕಾದಶಿಗಳಿಂದ ಅವಳೂ ನನ್ನೊಡನೆ ನೀರನ್ನೂ ಮುಟ್ಟದೆ ಉಪವಾಸವಿರುತ್ತಿದ್ದಾಳೆ. ಲಂಡನ್ನಿನಲ್ಲಿ ಹುಟ್ಟಿದ ಹುಡುಗಿಗೆ ಎಂಥ ನಿಷ್ಠೆ ಎಂದು ಮೈಸೂರಿನಲ್ಲಿರುವ ತಂಗಿಗೆ ಫೋನು ಮಾಡಿ ಬೀಗಿದ್ದೆ. ದ್ವಾದಶಿಯ ಬೆಳಗ್ಗೆಯೂ ತಟ್ಟೆಯಲ್ಲಿ ಅರ್ಧ ಉಳಿಸುತ್ತಿದ್ದುದನ್ನು ಸಂಯಮವೆಂದೇ ಎಣಿಸಿದೆ.

ವೆಂಬ್ಲಿಯ ಮನೆಗೆ ಮರಳುವ ಬಸ್ಸಿನಲ್ಲಿ ಕೇಳಿಯೇಬಿಟ್ಟೆ. "ಭಾನುವಾರದ ಪಂದ್ಯಕ್ಕೆ ತೂಕ ಎಷ್ಟು ಇಳಿಸಬೇಕಮ್ಮಾ?"

"ಓನ್ಲಿ ಟೂ ಕಿಲೋಸ್, ತಾತ. ಎವ್ರಿಒನ್ ಡಸ್ ಇಟ್."

"ತಲೆ ಸುತ್ತುತ್ತದೆಯೇ?"

ಕಿಟಕಿಯ ಹೊರಗೆ ನೋಡಿದಳು. ಆಮೇಲೆ, ಅಪರೂಪಕ್ಕೆ ಕನ್ನಡದಲ್ಲೇ ಹೇಳಿದಳು: "ನೀವು ಮಾಡಿದ್ರೆ ವ್ರತ, ನಾನು ಮಾಡಿದ್ರೆ ತಪ್ಪಾ? ಅಮ್ಮಂಗೆ ಹೇಳ್ಬೇಡಿ, ಪ್ಲೀಸ್."

ಇಳಿಯುವಾಗ ಅವಳು ಬಸ್ಸಿನ ಕಂಬವನ್ನು ಹಿಡಿದು, ಕಣ್ಣು ಮುಚ್ಚಿ ಒಂದು ಗಳಿಗೆ ನಿಂತಳು. ನಾನು ಅವಳ ತೋಳು ಹಿಡಿದು ಇಳಿಸಿದೆ.

ನೇರವಾಗಿ ಈಲಿಂಗ್ ರಸ್ತೆಯ ಹೋಟೆಲಿಗೆ ಕರೆದೊಯ್ದು ಎರಡು ಪ್ಲೇಟು ಇಡ್ಲಿ ತರಿಸಿದೆ. ನಲವತ್ತು ವರ್ಷಗಳಿಂದ ಏಕಾದಶಿಯಂದು ಒಂದಗುಳನ್ನೂ ಮುಟ್ಟದ ನಾನು ಅವಳ ಎದುರಿಗೇ ಮೊದಲ ತುತ್ತನ್ನು ಬಾಯಿಗಿಟ್ಟೆ.

"ತಾತ, ನೀವು ಇವತ್ತು ತಿನ್ನಬಾರ್ದು."

"ನೀನೂ ತಿನ್ನು. ಪಾಪ ಇಬ್ಬರಿಗೂ ಸಮನಾಗಿ ಬರಲಿ."

ನಕ್ಕಳು. ಅರ್ಧ ಇಡ್ಲಿ ತಿಂದು, ಒಂದು ಗುಟುಕು ನೀರು ಕುಡಿದು, ಲೋಟವನ್ನು ದೂರ ಸರಿಸಿದಳು.

ಈಗ ಮನೆಗೆ ಬಂದಿದ್ದೇವೆ. ಅವಳ ಕೋಣೆಯ ಬಾಗಿಲು ಮುಚ್ಚಿದೆ. ಒಳಗಿನಿಂದ ಸ್ಕಿಪ್ಪಿಂಗ್ ಹಗ್ಗದ ಸದ್ದು ಕೇಳುತ್ತಿದೆ... ಇಪ್ಪತ್ತು ನಿಮಿಷದಿಂದ ನಿಂತಿಲ್ಲ. ಎರಡು ಸಲ ಬಾಗಿಲು ತಟ್ಟಿದೆ. "ಟೂ ಮಿನಿಟ್ಸ್, ತಾತ" ಎಂದಷ್ಟೇ ಉತ್ತರ.

ಅವಳ ತಾಯಿ, ನನ್ನ ಮಗಳು, ವೈದ್ಯೆ. ಆಸ್ಪತ್ರೆಯಿಂದ ಬರಲು ಇನ್ನೊಂದು ಗಂಟೆಯಿದೆ. ಹೇಳುವುದಂತೂ ನಿಶ್ಚಯ. ಹೇಳಿದರೆ ಭಾನುವಾರದ ಪಂದ್ಯ ತಪ್ಪುತ್ತದೆ, ಮೊಮ್ಮಗಳು ನನ್ನನ್ನು ಸುಲಭವಾಗಿ ಕ್ಷಮಿಸಲಾರಳು.

ಆದರೆ ಇಷ್ಟು ದಿನ ಆ ಮಗುವಿನ ಹಸಿವನ್ನು ನಾನೇ ಮೆಚ್ಚಿ ಹೊಗಳಿದೆನೆಂಬುದನ್ನು ಮಗಳಿಗೆ ಮೊದಲೇ ಹೇಳಲೇ, ಕೊನೆಯಲ್ಲಿ ಹೇಳಲೇ?