ಪರಮಪ್ರಸಾದದ ಕಾವಲು

ಚೌರಮ್ಮನ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ ಎಂದು ಹಲಗೂರು ಕಡೆಯ ಆ ಸಣ್ಣ ಚರ್ಚಿಗೆ ಬರುವವರಿಗೆಲ್ಲ ಗೊತ್ತಿತ್ತು. ಎಲ್ಲೋ ಒಂದೂರಲ್ಲಿ ಯಾರೋ ಬಲಿಪೂಜೆಯಲ್ಲಿ ಕೊಟ್ಟ ಪರಮಪ್ರಸಾದವನ್ನು, ಪ್ರಭುವಿನ ಶರೀರವೇ ಆದ ಆ ತೆಳು ರೊಟ್ಟಿಯನ್ನು, ನುಂಗದೆ ಮಾಟ ಮಾಡಿಸಲು ಕದ್ದೊಯ್ದರಂತೆ ಎಂಬ ಸುದ್ದಿ ಮೊಬೈಲುಗಳಲ್ಲಿ ಹರಿದಾಡಿದ ಮೇಲೆ ಫಾದರ್ ಅವಳನ್ನೇ ಕರೆದು ಪೀಠದ ಪಕ್ಕ ನಿಲ್ಲಿಸಿದ್ದರು. ಅಂಗೈಗೆ ಪ್ರಸಾದ ಬಿದ್ದವರು ಅಲ್ಲೇ ಬಾಯಿಗಿಟ್ಟುಕೊಳ್ಳಬೇಕು. ಇಟ್ಟುಕೊಂಡರೋ ಇಲ್ಲವೋ, ನೋಡುವುದು ಚೌರಮ್ಮನ ಕೆಲಸ. ಯಾರೂ ಹೇಳದಿದ್ದರೂ ಅವಳು ನೋಡುತ್ತಿದ್ದಳು ಬಿಡಿ. ಸಂತೆಯ ತಕ್ಕಡಿ, ಡೈರಿಯ ಹಾಲಿನ ಅಳತೆ, ಪಾಪನಿವೇದನೆಗೆ ಹೋದವರು ಒಳಗೆ ಎಷ್ಟು ಹೊತ್ತು ಕೂತರು ಎಂಬುದು, ಎಲ್ಲದರ ಮೇಲೂ ಅವಳಿಗೆ ಗುಮಾನಿ.

ಎಲ್ಲಕ್ಕಿಂತ ಹೆಚ್ಚು ಗುಮಾನಿ ಸೊಸೆ ಅಮೃತಳ ಮೇಲೆ. ಚಿಕ್ಕರಸಿನಕೆರೆಯಿಂದ ಮಗ ಮೆಚ್ಚಿ ತಂದ ಹುಡುಗಿ ಮದುವೆಗೆ ಮುಂಚೆಯಷ್ಟೇ ಜ್ಞಾನಸ್ನಾನ ಪಡೆದು ಕ್ರೈಸ್ತಳಾಗಿದ್ದಳು.

"ತಲೆ ಮ್ಯಾಲೆ ನೀರು ಬಿದ್ದದೆ. ಮನ್ಸಿನ್ ಒಳಿಕ್ಕೆ ಇಳಿದದೋ ಇಲ್ವೋ ಯಾರ್ ಕಂಡವ್ರೆ?" ಎಂದು ಚೌರಮ್ಮ ಪಕ್ಕದ ಮನೆಯ ದೇವಿರಮ್ಮನ ಮುಂದೆ ಆಡಿಕೊಳ್ಳುತ್ತಿದ್ದಳು.

ಆ ಭಾನುವಾರ ಅಮೃತ 'ಆಮೆನ್' ಎಂದು ಕೈಯನ್ನು ಬಾಯಿಯ ಹತ್ತಿರ ತಂದವಳು, ಹಾಗೇ ಸೆರಗಿನೊಳಗೆ ಇಳಿಸಿದಳು. ಚೌರಮ್ಮ ಅದನ್ನು ಕಂಡಳು. ಅಲ್ಲೇ ಕೂಗಿದರೆ ಮನೆಯ ಮಾನ ಹೋಗುತ್ತದೆ, ಕೂಗದಿದ್ದರೆ ಪ್ರಭುವಿಗೇ ದ್ರೋಹ. ಬಲಿಪೂಜೆ ಮುಗಿಯುವವರೆಗೆ ಹಲ್ಲು ಕಚ್ಚಿಕೊಂಡು ನಿಂತು, ಆಮೇಲೆ ಸೊಸೆಯ ಬೆನ್ನಿಗೇ ಮನೆಗೆ ನಡೆದಳು.

ಅಮೃತ ನೆಟ್ಟಗೆ ಮಾವನ ಕೋಣೆಗೆ ಹೋದಳು. ಚೌರಮ್ಮನ ಗಂಡ ಇನ್ನಾಸಪ್ಪ ಸೊಂಟ ಮುರಿದು ಹಾಸಿಗೆ ಹಿಡಿದಿದ್ದ. ಓಡಾಡುತ್ತಿದ್ದ ಕಾಲದಲ್ಲಿ ಸಮಾಧಿ ಜಾಗದ ಬೇಲಿಯ ವಿಷಯಕ್ಕೆ ಜಗಳವಾಡಿ, "ನಿನ್ ಕೈಯಿಂದ ಇನ್ ಪ್ರಸಾದ ತಗಳಾಕಿಲ್ಲ" ಎಂದು ಫಾದರಿಗೆ ಎಲ್ಲರೆದುರೇ ಹೇಳಿ ಬಂದಿದ್ದ. ಹಾಸಿಗೆ ಹಿಡಿದ ಮೇಲೆ ಅವರು ಪ್ರಸಾದವನ್ನು ಮನೆಗೇ ತಂದಾಗಲೂ ಮುಖ ಗೋಡೆಗೆ ತಿರುಗಿಸಿದ್ದ. ಈಗ ಅದೇ ಇನ್ನಾಸಪ್ಪ ಮಗುವಿನಂತೆ ನಾಲಿಗೆ ಚಾಚಿದ್ದ. ಅಮೃತ ಸೆರಗಿನೊಳಗಿದ್ದ ಕರ್ಚೀಫು ಬಿಡಿಸಿ ಪ್ರಸಾದವನ್ನು ಆ ನಾಲಿಗೆಯ ಮೇಲಿಟ್ಟು ಶಿಲುಬೆಯ ಗುರುತು ಹಾಕಿಕೊಂಡಳು.

"ಕಳ್ರು! ನನ್ನ ಕೇಳಿದ್ರೆ ಆಯ್ತಿರ್ನಿಲ್ವಾ?" ಚೌರಮ್ಮ ಬಾಗಿಲಲ್ಲೇ ಕೂಗಿದಳು.

ಇನ್ನಾಸಪ್ಪ ನಿಧಾನವಾಗಿ ನುಂಗಿದ. "ನಿನ್ನ ಕೇಳಾಕೆ ಭಯ ಆಯ್ತು ಕಣಮ್ಮಿ. ನೀನು ಕಾವಲು ಕಾಯೋಳು."



ಮುಂದಿನ ಭಾನುವಾರ ಅಮೃತ ಸಾಲಿನಲ್ಲಿ ಮುಂದೆ ಬಂದಾಗ ಚೌರಮ್ಮ ಸಂತ ಅಂತೋಣಿಯವರ ಪ್ರತಿಮೆಯತ್ತ ಮುಖ ತಿರುಗಿಸಿದಳು. ಸೊಸೆಯ ಮೇಲಿನ ಗುಮಾನಿ ಹೋಗಿತ್ತು. ಆ ಜಾಗಕ್ಕೆ ಇನ್ನೊಂದು ಬಂದು ಕೂತಿತ್ತು: ಇಷ್ಟು ವರ್ಷ ಆ ಮನುಷ್ಯ ತನ್ನನ್ನು ಇನ್ನೂ ಏನೇನು ಕೇಳಲು ಹೆದರಿ ಸುಮ್ಮನಿದ್ದನೋ?